ಒಂಬತ್ತು ದಿನದ ರೋಸ್-ಎಮೆ

ದೀಕ್ಷಾಸ್ನಾನದ ಪುಸ್ತಕದಲ್ಲಿ ಹದಿಮೂರನೆಯ ಹಾಳೆಯ ಬೆನ್ನಿಗೇ ಹದಿನೈದನೆಯ ಹಾಳೆ ಕೂತಿತ್ತು. ನಡುವೆ ಇರಬೇಕಾದದ್ದು ಇರಲಿಲ್ಲ.

ಅಲ್ಫೋನ್ಸಿನ್ ರುವೆಲ್ ಕನ್ನಡಕ ತೆಗೆದು ಶಾಲಿನ ಅಂಚಿಗೆ ಒರೆಸಿದಳು. ಮತ್ತೆ ಹಾಕಿಕೊಂಡು ನೋಡಿದಳು. ಹಾಳೆ ಹುಟ್ಟಿಕೊಳ್ಳಲಿಲ್ಲ. ಸಾಂ-ಗಾಲ್ ಚರ್ಚಿನ ಪೂಜಾವಸ್ತ್ರಗಳ ಕೋಣೆಯಲ್ಲಿ ಒಲೆ ಉರಿಯುತ್ತಿದ್ದರೂ ಅವಳ ಬೆರಳುಗಳು ಮರಗಟ್ಟಿದ್ದವು. ಹೊರಗೆ ನದಿಯ ಮಂಜುಗಡ್ಡೆ ಆಗಾಗ ಬಿರಿದು ಸದ್ದು ಮಾಡುತ್ತಿತ್ತು.

ಇವತ್ತು ಶುಕ್ರವಾರ. ಸೋಮವಾರ ಬೆಳಿಗ್ಗೆ ಎಂಟಕ್ಕೆ ರೋಸ್-ಎಮೆ ವಾದ್ನೆಯ ಮದುವೆ. ಊರಿನ ಪಾದ್ರಿಗಾಗಿ ಆ ಮದುವೆಯ ಕಾಗದಪತ್ರ ಸಿದ್ಧಮಾಡುತ್ತ ಕೂತಾಗಲೇ ಅವಳಿಗೆ ತನ್ನೂರು ಲಾಂಸ್-ನ್ವಾರಿನ ಚರ್ಚಿನ ದಫ್ತರದಲ್ಲಿ ಕಂಡಿತ್ತು: ಮದುವಣಗಿತ್ತಿ ರೋಸ್-ಎಮೆ ವಾದ್ನೆಯನ್ನು 1904ರ ಜನವರಿ ಮೂವತ್ತರಂದು, ಒಂಬತ್ತು ದಿನದ ಕೂಸಾಗಿದ್ದಾಗಲೇ, ಮಣ್ಣು ಮಾಡಿ ಆಗಿತ್ತು.

ಬೇರೆ ಯಾರೇ ಆಗಿದ್ದರೂ ಬೆಚ್ಚಿಬೀಳುತ್ತಿದ್ದರು. ಅಲ್ಫೋನ್ಸಿನ್ ಮೊದಲಿಗೆ ಬೆಚ್ಚಲಿಲ್ಲ. ಈ ನದಿಯ ಎರಡು ದಡದಲ್ಲೂ ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ಇದ್ದದ್ದೇ. ಒಂದೇ ಮನೆಯಲ್ಲಿ ಔರೇಲಿ ಎಂಬ ಹೆಸರಿನ ಮೂರು ಕೂಸು ಮಣ್ಣಾಗಿ ನಾಲ್ಕನೆಯವಳು ಬದುಕಿದ್ದೂ ಉಂಟು. ದೇವರು ಕರೆದುಕೊಂಡದ್ದು ಮಗುವನ್ನು, ಹೆಸರನ್ನಲ್ಲ ಎಂದು ತಾಯಂದಿರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಮೂವತ್ತು ವರ್ಷದಿಂದ ಊರಿನವರಿಗೆಲ್ಲ ವಂಶಾವಳಿ ಬರೆದುಕೊಡುತ್ತ ಬಂದ ಅಲ್ಫೋನ್ಸಿನ್ ಎರಡನೆಯ ರೋಸ್-ಎಮೆಯ ದೀಕ್ಷಾಸ್ನಾನ ಹುಡುಕುತ್ತ ಮುಂದಿನ ಪುಟಗಳನ್ನು ತಿರುವಿದ್ದಳು. ಒಂದು ವರ್ಷ, ಎರಡು ವರ್ಷ, ಐದು ವರ್ಷ. ವಾದ್ನೆ ಮನೆಯಲ್ಲಿ ಆಮೇಲೆ ಯಾವ ಮಗುವೂ ಹುಟ್ಟಿರಲಿಲ್ಲ.

ಬೆಚ್ಚಿದ್ದು ಆಗ.

ದೀಕ್ಷಾಸ್ನಾನದ ಸಾಕ್ಷಿ ಇಲ್ಲದೆ ಮದುವೆ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಹುಡುಗಿ ಯಾರ ಮಗಳು ಎಂದು ಗೊತ್ತಿಲ್ಲದೆ, ಮದುವಣಿಗನಿಗೂ ಅವಳಿಗೂ ರಕ್ತಸಂಬಂಧ ಇಲ್ಲವೆಂದು ಯಾರು ಪ್ರಮಾಣ ಮಾಡುತ್ತಾರೆ? ಬುಧವಾರ ಬೂದಿ ಬುಧವಾರ. ಅಂದು ನಲವತ್ತು ದಿನದ ಉಪವಾಸದ ತಪಸ್ಸುಕಾಲ ಶುರುವಾದರೆ ಈಸ್ಟರ್ ಕಳೆಯುವವರೆಗೆ ಮದುವೆಯ ಮಾತೇ ಇಲ್ಲ.

ಸುಳಿವು ಸಿಕ್ಕಿದ್ದು ಹಳೆಯ ಒಂದು ಪಟ್ಟಿಯಲ್ಲಿ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಮಕ್ಕಳ ಪೂರ್ತಿ ಹೆಸರನ್ನು ಅಲ್ಫೋನ್ಸಿನಳೇ ಕೇಳಿ ಬರೆದುಕೊಂಡಿದ್ದಳು. ಹೆಣ್ಣುಮಗುವಾದರೆ ಮೊದಲು ಮಾರಿ, ಆಮೇಲೆ ದೀಕ್ಷಾಸ್ನಾನದಲ್ಲಿ ಕೂಸನ್ನು ಹಿಡಿದ ಜ್ಞಾನಮಾತೆಯ ಹೆಸರು, ಕೊನೆಗೆ ಮನೆಯಲ್ಲಿ ಕರೆಯುವ ಹೆಸರು. ಮಣ್ಣಾದ ಕೂಸು ಮಾರಿ-ಕ್ಲೋತೀಲ್ದ್-ರೋಸ್-ಎಮೆ. ಏಳು ವರ್ಷದ ಹುಡುಗಿ ಕೈ ಕಟ್ಟಿ ನಿಂತು ಹೇಳಿದ್ದು ಮಾರಿ-ಯೂಫ್ರೋಜೀನ್-ರೋಸ್-ಎಮೆ. ಜ್ಞಾನಮಾತೆ ಬೇರೆ. ಹಾಗಾದರೆ ದೀಕ್ಷಾಸ್ನಾನವೂ ಬೇರೆ. ಯೂಫ್ರೋಜೀನ್ ಎಂಬ ಹೆಸರಿನ ಹೆಂಗಸು ಈ ಸೀಮೆಯಲ್ಲಿ ಒಬ್ಬಳೇ, ಸಾಂ-ಗಾಲಿನ ಸೂಲಗಿತ್ತಿ.

ಸಾಂ-ಗಾಲಿಗೆ ಬರೆದ ಕಾಗದಕ್ಕೆ ಅಲ್ಲಿನ ಪಾದ್ರಿ ವಾದ್ನೆ ಎಂಬ ಹೆಸರಿನ ಕೆಳಗೆ ಅಂಥ ಮಗು ಇಲ್ಲವೆಂದು ಉತ್ತರ ಕೊಟ್ಟಿದ್ದರು. ಪಾಪ, ಅವರು ದೂರದ ಪಟ್ಟಣದಿಂದ ಹೊಸದಾಗಿ ಬಂದವರು. ಅಲ್ಫೋನ್ಸಿನ್‌ಗೆ ಅವರು ಎಲ್ಲಿ ಎಡವಿದರೆಂದು ಕಾಗದ ಓದುತ್ತಲೇ ತಿಳಿಯಿತು. ಈ ಮನೆತನಕ್ಕೆ ಎರಡು ಹೆಸರು.

ಇನ್ನೂರ ಅರವತ್ತು ವರ್ಷದ ಹಿಂದೆ ಸಮುದ್ರದಾಚೆಯ ದೊರೆಯ ದಂಡಿನೊಂದಿಗೆ ಹಡಗಿಳಿದ ಪಿಯೇರ್ ವಾದ್ನೆ ಎಂಬ ಸಿಪಾಯಿಗೆ ಅವನ ದಳಪತಿ, ಎಲ್ಲ ಸಿಪಾಯಿಗಳಿಗೂ ಇಟ್ಟಂತೆ, ಒಂದು ದಂಡಿನ ಹೆಸರು ಇಟ್ಟಿದ್ದ: ಸಾಂರೆಗ್ರೆ, ಮರುಗದವನು. ಮೊದಲ ಚಳಿಗಾಲದಲ್ಲೇ ಹಿಮ ಕಚ್ಚಿ ಕಾಲಿನ ಎರಡು ಬೆರಳು ಹೋದರೂ ಹುಬ್ಬು ಗಂಟಿಕ್ಕಲಿಲ್ಲವಂತೆ. ಅವನ ಮಕ್ಕಳಲ್ಲಿ ಕೆಲವರು ವಾದ್ನೆಗಳಾಗಿ ಉಳಿದರು, ಕೆಲವರು ಸಾಂರೆಗ್ರೆಗಳಾದರು, ಕೆಲವರು ಬೇಸಿಗೆಗೊಂದು ಚಳಿಗಾಲಕ್ಕೊಂದು ಎಂಬಂತೆ ಎರಡನ್ನೂ ಬಳಸಿದರು. ಲಾಂಸ್-ನ್ವಾರಿನಲ್ಲಿ ಈಗ ವಾದ್ನೆಗಳ ಮನೆ ಒಂದು, ಸಾಂರೆಗ್ರೆಗಳ ಮನೆ ಒಂದು. ಎಂಟು ತಲೆಮಾರಿನ ಅಂತರ. ಮದುವೆಗೆ ಅದು ಅಡ್ಡಿಯಲ್ಲ.

ಮದುವಣಿಗ ಲುಡ್ಜೇರ್, ಆ ಸಾಂರೆಗ್ರೆಗಳ ಮನೆಯವನು.

ಅದಕ್ಕೇ ಅಲ್ಫೋನ್ಸಿನ್ ಬೆಳಿಗ್ಗೆ ಬಲಿಪೂಜೆ ಮುಗಿಯುತ್ತಲೇ ತನ್ನ ಬೂದುಬಣ್ಣದ ಕುದುರೆಯನ್ನು ಜಾರುಬಂಡಿಗೆ ಕಟ್ಟಿ ಹೆಪ್ಪುಗಟ್ಟಿದ ನದಿಯ ಮೇಲೇ ಹೊಡೆದುಕೊಂಡು ಬಂದಿದ್ದಳು. 1904ರ ಪುಸ್ತಕದ ಕೊನೆಯಲ್ಲಿ ಹೆಸರುಗಳ ಪಟ್ಟಿ ಇತ್ತು. ಅದರಲ್ಲಿ ಸಾಂರೆಗ್ರೆ ಎಂಬ ಹೆಸರಿನ ಕೆಳಗೆ ಒಂದೇ ಸಾಲು: ಮಾರಿ-ಯೂಫ್ರೋಜೀನ್-ರೋಸ್-ಎಮೆ, ಹಾಳೆ ಹದಿನಾಲ್ಕು.

ಹದಿನಾಲ್ಕು ಇರಲಿಲ್ಲ.

ಹದಿಮೂರು ಮುಗಿದದ್ದು ಫೆಬ್ರವರಿ ಮೂರಕ್ಕೆ. ಹದಿನೈದು ಶುರುವಾದದ್ದು ಹತ್ತಕ್ಕೆ. ಅವಳು ಬೆರಳು ಮಡಿಚಿ ಎಣಿಸಿದಳು. ಒಂದು ರೋಸ್-ಎಮೆಯನ್ನು ಮಣ್ಣು ಮಾಡಿ ಎರಡು ವಾರ ತುಂಬುವ ಮೊದಲೇ ಇನ್ನೊಂದು ರೋಸ್-ಎಮೆಗೆ ದೀಕ್ಷಾಸ್ನಾನ. ಯಾವ ತಾಯಿಯೂ ಮೂರು ವಾರದೊಳಗೆ ಎರಡು ಸಲ ಹೆರುವುದಿಲ್ಲ. ಎದೆಯಲ್ಲಿ ಹಾಲು ತುಂಬಿಕೊಂಡು, ಖಾಲಿ ತೊಟ್ಟಿಲು ನೋಡುತ್ತ ಕೂತಿದ್ದ ಸೆಡುಲಿ ವಾದ್ನೆಯ ಮಡಿಲಿಗೆ ಯಾರೋ ಬೇರೆ ಯಾರದೋ ಕೂಸನ್ನು ತಂದು ಹಾಕಿದ್ದರು. ಊರು ಪ್ರಶ್ನೆ ಕೇಳಲಿಲ್ಲ. ಹೆಸರು ಅದೇ ಇತ್ತು. ಚಳಿಗಾಲದಲ್ಲಿ ಯಾರ ಮನೆಯ ತೊಟ್ಟಿಲನ್ನು ಯಾರು ಬಗ್ಗಿ ನೋಡುತ್ತಾರೆ?

ಅವಳು ಪುಸ್ತಕದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕತ್ತರಿಸಿದ ಅಂಚು ಹಾಲಿನಷ್ಟು ಬೆಳ್ಳಗಿತ್ತು. ಸುತ್ತಲಿನ ಹಾಳೆಗಳೆಲ್ಲ ಕಂದಿದ್ದವು. ಅಂದರೆ ಇದು ಹಳೆಯ ಗಾಯವಲ್ಲ.

ಗಂಟೆ ಹೊಡೆಯುವ ಪೋಲಿಕಾರ್ಪ್ ಒಲೆಗೆ ಸೌದೆ ತುರುಕುತ್ತಿದ್ದ. ಅವಳು ಈ ಪುಸ್ತಕವನ್ನು ಈಚೆಗೆ ಯಾರು ನೋಡಿದರೆಂದು ಕೇಳಿದಳು.

"ನಿಮ್ಮ ಕಡೆಯವಳೇ," ಅಂದ ಅವನು. "ಮಂಗಳವಾರ ಬಂದಿದ್ಲು. ಲಾಂಸ್-ನ್ವಾರಿನ ಮೇಷ್ಟ್ರಮ್ಮ ಕಳಿಸಿದಾರೆ, ಪುಸ್ತಕ ನೋಡ್ಬೇಕು ಅಂದ್ಲು. ನೀವು ಅಂದ್ಮೇಲೆ ನಾನ್ಯಾಕೆ ಬೇಡ ಅನ್ಲಿ?"

"ನಾನು ಯಾರನ್ನೂ ಕಳಿಸಿರ್ಲಿಲ್ಲ, ಪೋಲಿಕಾರ್ಪ್. ಮುಖ ನೋಡಿದ್ಯಾ?"

"ಮುಖಕ್ಕೆ ಶಾಲು ಸುತ್ತಿದ್ಲು. ಈ ಚಳೀಲಿ ಸುತ್ತದೇ ಇರೋ ಹೆಂಗಸು ಯಾರಿದಾರೆ ಹೇಳಿ. ನನ್ನ ಹೆಂಡ್ತೀದೇ ಮುಖ ನೋಡಿ ಮೂರು ತಿಂಗಳಾಯ್ತು, ಅದೊಂದು ನೆಮ್ಮದಿ."

ಅವನ ತಮಾಷೆಗೆ ಅವಳು ನಗಲಿಲ್ಲ. ಅವನು ಸೌದೆ ಕೆಳಗಿಟ್ಟ. ಆಮೇಲೆ, ಬಂದವಳು ಪುಸ್ತಕ ತೆರೆಯುವ ಮೊದಲು ಅರ್ಧಗಂಟೆ ಮೊಣಕಾಲೂರಿ ಪ್ರಾರ್ಥನೆ ಮಾಡಿದಳೆಂದೂ, ಹಾಗೆ ಪ್ರಾರ್ಥಿಸುವವಳನ್ನು ಕಾವಲು ಕಾಯುವುದು ತನಗೆ ನಾಚಿಕೆಯೆನಿಸಿ ಹೊರಗೆ ಹಿಮ ಗೋರಲು ಹೋದೆನೆಂದೂ ಹೇಳಿದ.

ಪುಸ್ತಕದ ಎರಡನೆಯ ಪ್ರತಿ ಜಿಲ್ಲಾ ನ್ಯಾಯಾಲಯದ ಕೋಣೆಯಲ್ಲಿ ಇದ್ದೇ ಇರುತ್ತದೆ. ಆದರೆ ಅಲ್ಲಿಗೆ ಬರೆದು ಉತ್ತರ ತರಿಸಲು ಮೂರು ವಾರ ಬೇಕು. ಇದ್ದದ್ದು ಮೂರು ದಿನ.

ಅವಳು ಅಂಚಿಗೆ ಕಣ್ಣು ತಾಕುವಷ್ಟು ಬಗ್ಗಿದಳು. ಚಾಕುವಿನ ಗೆರೆಯಲ್ಲ. ಸಣ್ಣ ಕತ್ತರಿಯ ಕಚ್ಚುಗಳು, ಬೆರಳಿನ ಅರ್ಧದಷ್ಟು ಒಂದೊಂದು. ಮೊದಲ ಕಚ್ಚು ಹಾಳೆಯ ತಲೆಯ ಕಡೆ ಇತ್ತು, ಕೊನೆಗೆ ಕೈ ಅವಸರಪಟ್ಟು ಹರಿದದ್ದು ಪಾದದ ಕಡೆ. ತನ್ನ ಚೀಲದಿಂದ ಕತ್ತರಿ ತೆಗೆದು ಅವಳು ಗಾಳಿಯಲ್ಲೇ ಕತ್ತರಿಸಿ ನೋಡಿದಳು. ಬಲಗೈ ಕೆಳಗಿನಿಂದ ಮೇಲಕ್ಕೆ ಹೋಯಿತು. ಮೇಲಿನಿಂದ ಕೆಳಕ್ಕೆ ಬರಬೇಕಾದರೆ ಕತ್ತರಿಯನ್ನು ಎಡಗೈಗೆ ಬದಲಾಯಿಸಬೇಕಾಯಿತು.

ಎಡಚಿ.

ಅಲ್ಫೋನ್ಸಿನ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಮೂವತ್ತು ವರ್ಷದ ಶಾಲೆಯಲ್ಲಿ ಎಡಚ ಮಕ್ಕಳು ಹನ್ನೊಂದು. ಒಬ್ಬೊಬ್ಬರ ಎಡಗೈಯನ್ನೂ ಬೆನ್ನ ಹಿಂದೆ ಕಟ್ಟಿ, ಅಡ್ಡಪಟ್ಟಿಯಿಂದ ಬೆರಳ ಗೆಣ್ಣಿಗೆ ಹೊಡೆದು, ಬಲಗೈಯಲ್ಲಿ ಬರೆಯಿಸಿದವಳು ಅವಳೇ. ಬರವಣಿಗೆ ಬದಲಾಯಿತು, ಕತ್ತರಿ ಬದಲಾಗಲಿಲ್ಲ. ಆ ಹನ್ನೊಂದರಲ್ಲಿ ಹೆಣ್ಣುಮಕ್ಕಳು ಇಬ್ಬರೇ. ಒಬ್ಬಳು ಕ್ಷಯದಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಇನ್ನೊಬ್ಬಳನ್ನು ಬಾಗಿಲಲ್ಲಿ ನಿಲ್ಲಿಸಿ, ನಿನಗೆ ದೀಕ್ಷಾಸ್ನಾನ ಎಲ್ಲಿ ಆಯಿತು ಮಗೂ ಎಂದು ತಾನೇ ಕೇಳಿದ್ದು ಅವಳಿಗೆ ನೆನಪಾಯಿತು. ಹುಡುಗಿ ಆಗ ನಕ್ಕು, ಆವತ್ತು ನಾನು ನಿದ್ದೆ ಮಾಡ್ತಿದ್ದೆ ಮೇಷ್ಟ್ರಮ್ಮ ಅಂದಿದ್ದಳು.

*

ಹಿಂದಿರುಗುವ ದಾರಿಯಲ್ಲಿ ಅವಳು ಸೂಲಗಿತ್ತಿ ಯೂಫ್ರೋಜೀನಳ ಬಾಗಿಲು ತಟ್ಟಿದಳು. ಮುದುಕಿಗೆ ಎಂಬತ್ತು ದಾಟಿತ್ತು. ಮಣ್ಣಿನ ಚುಟ್ಟಾಕೊಳವೆ ಸೇದುತ್ತ ಉಣ್ಣೆ ಬಿಡಿಸುತ್ತಿದ್ದವಳು ಬಂದದ್ದೇಕೆಂದು ಕೇಳಲೂ ಇಲ್ಲ. ಬಟಾಣಿ ಸೂಪು ಬಡಿಸಿದಳು. ಅಲ್ಫೋನ್ಸಿನ್ ತಿನ್ನಲಾರದೆ ಚಮಚ ಆಡಿಸುತ್ತ ಕೂತಳು.

ಹೆರಿಗೆಮನೆಯ ಮಾತನ್ನು ಹೊಸ್ತಿಲು ದಾಟಿಸುವುದಿಲ್ಲವೆಂದು ತಾನು ಹದಿನೆಂಟನೆಯ ವಯಸ್ಸಿನಲ್ಲಿ ಶಿಲುಬೆ ಮುಟ್ಟಿ ಆಣೆಯಿಟ್ಟವಳೆಂದು ಯೂಫ್ರೋಜೀನ್ ನೆನಪಿಸಿದಳು. ತಾಯಿ ಯಾರೆಂದು ಕೇಳಿದರೆ ತಲೆಯಾಡಿಸಿದಳು. ಎಲ್ಲಿ ಹುಟ್ಟಿತೆಂದು ಕೇಳಿದರೆ ಉಣ್ಣೆಯ ಗಂಟು ಬಿಡಿಸಿದಳು. ಅಲ್ಫೋನ್ಸಿನ್ ಸೋತು ಎದ್ದು ಶಾಲು ಸುತ್ತಿಕೊಳ್ಳುವಾಗ ಮುದುಕಿಗೇ ಏನನ್ನಿಸಿತೋ, ಜ್ಞಾನಮಾತೆಯಾಗಲು ತಾಯಿಯ ಕಡೆಯವರು ಒಬ್ಬರೂ ಬರಲಿಲ್ಲ, ಅದಕ್ಕೆ ತಾನೇ ಮಗುವಿಗೆ ತನ್ನ ಹೆಸರು ಕೊಟ್ಟೆ ಅಂದಳು. ಇಷ್ಟು ಹೇಳಲು ಆಣೆಯ ಅಡ್ಡಿಯಿಲ್ಲ, ಅದು ಚರ್ಚಿನಲ್ಲಿ ಎಲ್ಲರೆದುರು ಆದದ್ದು.

"ನಾನು ಹಿಡ್ಕೊಂಡಿದ್ದೆ. ಸ್ವಾಮಿಗಳು ನೀರು ಹಾಕಿದ್ರು. ಕೂಸು ಅಳ್ಲಿಲ್ಲ. ಅಪ್ಪ ಸಹಿ ಮಾಡ್ದ. ಆಯ್ತು."

"ಸಹಿ ಮಾಡಿದ್ನಾ?" ಅಲ್ಫೋನ್ಸಿನ್ ಬಾಗಿಲ ಹಿಡಿ ಬಿಟ್ಟು ತಿರುಗಿದಳು. "ಶಿಲುಬೆ ಗೀಚಲಿಲ್ವಾ, ತಾಯಿ?"

"ನನಗೆ ಓದೋಕೆ ಬರಲ್ಲ. ಆದ್ರೆ ಗೀಚೋದು ಯಾವುದು, ಬರೆಯೋದು ಯಾವುದು ಅಂತ ಗೊತ್ತಾಗುತ್ತೆ ಕಣಮ್ಮ."

ರೋಸ್-ಎಮೆಯನ್ನು ಸಾಕಿದ ಆಂತೀಮ್ ವಾದ್ನೆಗೆ ಓದು ಬರಹ ಇಲ್ಲ. ತನ್ನ ಮದುವೆಯಲ್ಲಿ, ಹೆಂಡತಿ ಸೆಡುಲಿಯನ್ನು ಮಣ್ಣು ಮಾಡಿದಾಗ, ಎಲ್ಲೆಡೆಯೂ ಅವನು ಹಾಕಿದ್ದು ಶಿಲುಬೆಯ ಗುರುತು. ಆವತ್ತು ಸಾಂ-ಗಾಲಿನಲ್ಲಿ ಸಾಂರೆಗ್ರೆ ಎಂದು ಬರೆದು ಸಹಿ ಮಾಡಿದವನು ಬೇರೆ.

ನದಿಯ ಮೇಲೆ ಗಾಳಿ ಎದ್ದಿತ್ತು. ಕುದುರೆ ತಲೆ ತಗ್ಗಿಸಿ ನಡೆಯಿತು. ಅಲ್ಫೋನ್ಸಿನ್ ಲಗಾಮು ಹಿಡಿದ ಕೈಯಲ್ಲೇ ಜಪಸರ ಹಿಡಿದು ಶುರುಮಾಡಿದಳು. ಒಂದೂ ಮಣಿ ಮುಂದೆ ಸರಿಯಲಿಲ್ಲ. ಸಹಿ ಮಾಡಲು ಬರುವ ಸಾಂರೆಗ್ರೆ ಲಾಂಸ್-ನ್ವಾರಿನಲ್ಲಿ ಒಬ್ಬನೇ. ಚರ್ಚು ಸಮಿತಿಯ ಹಿರಿಯ ಎಲ್ಜೇಯಾರ್ ಸಾಂರೆಗ್ರೆ. ಅವನ ಸಹಿಗೆ ನವಿಲಿನ ಹಾಗೆ ಬಾಲ. ಸಮಿತಿಯ ಪುಸ್ತಕದಲ್ಲಿ ಅರ್ಧ ಪುಟ ಅದೇ ತಿನ್ನುತ್ತದೆ.

ಅವನು ಮದುವಣಿಗ ಲುಡ್ಜೇರನ ತಂದೆ.

ಸೋದರಸಂಬಂಧಿಗಳಾದರೆ ಬಿಷಪರ ಅನುಮತಿ ತರಬಹುದು. ಒಂದೇ ತಂದೆಯ ಮಕ್ಕಳಿಗೆ ಅನುಮತಿ ಕೊಡುವ ಅಧಿಕಾರ ರೋಮಿನಲ್ಲೂ ಯಾರಿಗೂ ಇಲ್ಲ.

*

ವಾದ್ನೆಗಳ ಅಡುಗೆಮನೆಯಲ್ಲಿ ಆರು ಹೆಂಗಸರು, ಹದಿನೆಂಟು ಮಾಂಸದ ಕಡುಬು, ಒಲೆಯ ಮೇಲೆ ಕುದಿಯುವ ಮೇಪಲ್ ಸಕ್ಕರೆ. ಅಲ್ಫೋನ್ಸಿನ್ ಬಾಗಿಲು ತೆರೆದ ಕೂಡಲೇ ಆವಿ ನುಗ್ಗಿ ಕನ್ನಡಕ ಮಸುಕಾಯಿತು. ಬನ್ನಿ ಮೇಷ್ಟ್ರಮ್ಮ, ನಮ್ಮ ಹಿಟ್ಟಿನಲ್ಲಿ ತಪ್ಪು ತಿದ್ದಿಕೊಡಿ ಎಂದು ಯಾರೋ ಕೆಣಕಿದರು. ಅವಳ ಮುಖ ನೋಡಿದ ಮೇಲೆ ಯಾರೂ ಕೆಣಕಲಿಲ್ಲ. ಮದುವಣಗಿತ್ತಿಯ ಹತ್ತಿರ ಧರ್ಮೋಪದೇಶದ ಒಂದು ಮಾತು ಕೇಳುವುದಿದೆ ಎಂದಳು. ಅದು ಸುಳ್ಳಾಗಿರಲಿಲ್ಲ.

ರೋಸ್-ಎಮೆ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಅವಳನ್ನು ಹಿಂದಿನ ಬೇಸಿಗೆಯ ಅಡುಗೆಮನೆಗೆ ಕರೆದುಕೊಂಡು ಹೋದಳು. ಚಳಿಗಾಲದಲ್ಲಿ ಅಲ್ಲಿ ಒಲೆ ಉರಿಯುವುದಿಲ್ಲ. ಕಿಟಕಿಯ ಗಾಜಿಗೆ ಮಂಜು ದಪ್ಪಗೆ ಕೂತಿತ್ತು. ಗೋಡೆಯ ಮೊಳೆಗೆ ಮದುವೆಯ ನೀಲಿ ಉಡುಪು ನೇತುಬಿದ್ದಿತ್ತು. ಪಕ್ಕದ ಮೇಜಿನ ಮೇಲೆ ನೂಲು, ಸೂಜಿ, ಒಂದು ಸಣ್ಣ ಕತ್ತರಿ.

ಅಲ್ಫೋನ್ಸಿನ್ ಕತ್ತರಿಯನ್ನು ಎತ್ತಿ ಹುಡುಗಿಯ ಎಡಗೈಗೆ ಕೊಟ್ಟಳು. ಹುಡುಗಿ ತೆಗೆದುಕೊಂಡಳು.

"ಹಾಳೆ ಎಲ್ಲಿ, ಮಗೂ?"

ರೋಸ್-ಎಮೆ ಯಾವ ಹಾಳೆ ಎಂದು ಕೇಳಲಿಲ್ಲ. ಉಡುಪಿನ ಕಡೆ ನೋಡಿದಳು.

"ಅಂಚಿನೊಳಗೆ ಇಟ್ಟು ಹೊಲಿದಿದೀನಿ."

"ಓದಿದ್ಯಾ?"

"ಇಲ್ಲ."

"ಸುಳ್ಳು ಹೇಳ್ಬೇಡ."

"ನಿಮ್ಮ ಹತ್ರ ಸುಳ್ಳು ಹೇಳಿದ್ರೆ ಬೆರಳಿಗೆ ಬೀಳ್ತಿತ್ತಲ್ಲ, ಮರೆತಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಹಾಳೆಯ ಅಂಚಿನಲ್ಲಿ ಮನೆತನದ ಹೆಸರು ಕಾಣಿಸ್ತು. ಸಾಂರೆಗ್ರೆ ಅಂತ. ಅಷ್ಟೇ ನೋಡಿದ್ದು. ಆಮೇಲೆ ಕಣ್ಣು ಮುಚ್ಕೊಂಡೇ ಕತ್ತರಿಸ್ದೆ. ಅದಕ್ಕೆ ಕೊನೇಲಿ ಹರಿದುಹೋಯ್ತು."

ಆಮೇಲೆ ಅವಳು ತಾನಾಗಿಯೇ ಹೇಳುತ್ತ ಹೋದಳು. ಸೆಡುಲಿ ಸಾಯುವ ಮೊದಲು ಅವಳನ್ನು ಹತ್ತಿರ ಕರೆದು, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ನಿನ್ನ ದೀಕ್ಷಾಸ್ನಾನ ಸಾಂ-ಗಾಲಿನಲ್ಲಿದೆ, ಬೇಕಾದಾಗ ಹೋಗಿ ನೋಡು ಎಂದಿದ್ದಳು. ಆರು ವರ್ಷ ಬೇಕೆನಿಸಿರಲಿಲ್ಲ. ಸೆಡುಲಿಯೇ ಅಮ್ಮ, ಆಂತೀಮನೇ ಅಪ್ಪ, ಇನ್ನೇನು ಬೇಕು? ಕಳೆದ ಭಾನುವಾರ ಮೇಷ್ಟ್ರಮ್ಮ ಚರ್ಚಿನ ಬಾಗಿಲಲ್ಲಿ ಆ ಪ್ರಶ್ನೆ ಕೇಳಿದ ಮೇಲೆ ರಾತ್ರಿ ನಿದ್ದೆ ಬಂದಿರಲಿಲ್ಲ. ಬೇರೆ ಯಾರಾದರೂ ನೋಡುವ ಮೊದಲು ತಾನು ನೋಡಬೇಕೆಂದು ಹೋದಳು. ನೋಡಲು ಧೈರ್ಯವಾಗಲಿಲ್ಲ.

"ಮೇಷ್ಟ್ರಮ್ಮ, ಗೊತ್ತಿಲ್ದೇ ಮಾಡಿದ್ದು ಪಾಪ ಅಲ್ಲ ಅಂತ ನೀವೇ ಹೇಳ್ಕೊಟ್ಟಿದ್ರಿ. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆವರೆಗೆ ಇಬ್ರಿಗೂ ಗೊತ್ತಾಗ್ದೇ ಇದ್ರೆ ಸಾಕು."

ಪಕ್ಕದ ಕೋಣೆಯಿಂದ ಹೆಂಗಸರ ನಗು ಕೇಳಿತು. ಯಾರೋ ಮದುವೆಯ ಹಾಡು ಎತ್ತಿದ್ದರು.

"ಆಮೇಲೆ?" ಅಂದಳು ಅಲ್ಫೋನ್ಸಿನ್. "ಮಂಗಳವಾರ? ಮುಂದಿನ ವರ್ಷ, ತೊಟ್ಟಿಲು ತೂಗುವಾಗ? ಗೊತ್ತಿಲ್ಲದೇ ಇರೋದು ಬೇರೆ, ಕಣ್ಣು ಮುಚ್ಕೊಳ್ಳೋದು ಬೇರೆ ಅಂತಾನೂ ಹೇಳ್ಕೊಟ್ಟಿದ್ದೆ. ಆ ದಿನ ನೀನು ಶಾಲೆಗೆ ಬಂದಿರ್ಲಿಲ್ವಾ?"

"ನಾನು ಅವನನ್ನ ಬಿಟ್ಟು ಇರಲ್ಲ."

"ಇರು ಅಂತ ನಾನು ಹೇಳ್ತಿಲ್ಲ. ಹಾಳೆ ನೋಡೋಣ ಅಂತಿದೀನಿ."

ಅಲ್ಫೋನ್ಸಿನ್ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಉಡುಪು ಹುಡುಗಿಯದು, ಹೊಲಿಗೆ ಹುಡುಗಿಯದು. ಕೊನೆಗೆ ರೋಸ್-ಎಮೆ ತಾನೇ ಎದ್ದು ಉಡುಪನ್ನು ಮೊಳೆಯಿಂದ ಇಳಿಸಿ ಮಡಿಲಲ್ಲಿ ಹರಡಿಕೊಂಡಳು. ಎಡಗೈಯ ಕತ್ತರಿ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿತು. ನಾಲ್ಕಾಗಿ ಮಡಿಚಿದ ಕಾಗದವನ್ನು ಅವಳು ಬಿಡಿಸದೆ ಚಾಚಿದಳು, ಮುಖ ಗೋಡೆಯ ಕಡೆ ತಿರುಗಿಸಿದಳು.

"ನೀವೇ ಓದಿ. ಜೋರಾಗಿ ಓದ್ಬೇಡಿ."

ಅಲ್ಫೋನ್ಸಿನ್ ಕಿಟಕಿಯ ಬಳಿಗೆ ಹೋದಳು. ಫೆಬ್ರವರಿ ಏಳು. ನಿನ್ನೆ ಹುಟ್ಟಿದ ಹೆಣ್ಣುಮಗು. ತಂದೆ ಜೋಸೆಫ್ ಸಾಂರೆಗ್ರೆ, ರೈತ. ತಾಯಿ ಸೆಡುಲಿ ಕಾವೆತ್. ಹೆಂಡತಿಯಾದ ಹೆಣ್ಣನ್ನೂ ದಫ್ತರದಲ್ಲಿ ತವರಿನ ಹೆಸರಿನಿಂದಲೇ ಬರೆಯುತ್ತಾರೆ. ಆಂತೀಮನ ಹೆಂಡತಿ ಸೆಡುಲಿಯ ತವರು ಕಾವೆತ್. ಅಂದರೆ ಸ್ವಾಮಿಗಳ ಮುಂದೆ ಆಂತೀಮ್-ಸೆಡುಲಿಯರ ಮಗುವೆಂದೇ ಹೇಳಿದ್ದರು. ಗುರುತು ಹತ್ತದಿರಲೆಂದು ಮನೆತನದ ಇನ್ನೊಂದು ಹೆಸರು ಬರೆಸಿದ್ದರು. ಜೋಸೆಫ್ ಎಂಬುದರಿಂದ ಏನೂ ತಿಳಿಯುವುದಿಲ್ಲ, ಈ ಸೀಮೆಯ ಗಂಡಸರೆಲ್ಲ ಮೊದಲು ಜೋಸೆಫರೇ. ಉಳಿದದ್ದು ಸಹಿ.

ಅವಳು ಕಾಗದದ ಪಾದಕ್ಕೆ ಕಣ್ಣು ಇಳಿಸಿದಳು.

ನವಿಲಿನ ಬಾಲ ಇರಲಿಲ್ಲ.

"ಎಲ್ಜೇಯಾರ್ ಮಾವನದಾ?" ಗೋಡೆಗೆ ಮುಖ ಮಾಡಿಯೇ ಹುಡುಗಿ ಕೇಳಿದಳು.

"ಅಲ್ಲ."

ರೋಸ್-ಎಮೆ ಉಡುಪಿನಲ್ಲಿ ಮುಖ ಹುದುಗಿಸಿ ಬಿಕ್ಕಿದಳು. ಅಳುವೋ ನಗುವೋ ಅವಳಿಗೇ ತಿಳಿಯುತ್ತಿರಲಿಲ್ಲ. ದೇವರೇ, ಮಾತೆ ಮಾರಿಯೇ ಎಂದು ಮತ್ತೆ ಮತ್ತೆ ಹೇಳಿದಳು. ಆಮೇಲೆ ಕಣ್ಣೊರೆಸಿ ಎದ್ದು ಬಂದಳು.

ಅಲ್ಫೋನ್ಸಿನ್ ಕದಲಲಿಲ್ಲ. ಸಹಿಯಲ್ಲಿದ್ದ ಹೆಸರು ಸಾಂರೆಗ್ರೆಯೇ, ಆದರೆ ಅದರ ಮೊದಲ ಅಕ್ಷರಕ್ಕೆ ಕುಡುಗೋಲಿನ ಬಾಗು, ಬಾಗಿನ ತುದಿಗೆ ಸಾಸಿವೆಯಷ್ಟು ಒಂದು ಬೊಟ್ಟು. ಐದನೆಯ ವಯಸ್ಸಿನಲ್ಲಿ ಅವಳು ಕಪ್ಪು ಹಲಗೆಯ ಮೇಲೆ ಅದೇ ಬಾಗನ್ನು ತಿದ್ದಿದ್ದಳು, ಬೊಟ್ಟನ್ನು ಇಡುವುದು ಮರೆತರೆ ಒಂದು ದೊಡ್ಡ ಬೆಚ್ಚಗಿನ ಕೈ ಅವಳ ಕೈಮೇಲೆ ಕೂತು ಇಡಿಸುತ್ತಿತ್ತು. ಆ ಕೈ ಮಣ್ಣಾಗಿ ಹದಿನೈದು ವರ್ಷ. ಊರಿನ ಗಾಯನವೃಂದವನ್ನು ನಲವತ್ತು ವರ್ಷ ನಡೆಸಿದ, ಒಂದು ದಿನವೂ ಬಲಿಪೂಜೆ ತಪ್ಪಿಸದ ಕೈ.

ಹೇಳದೆ ಇರಬಹುದಿತ್ತು. ಎಲ್ಜೇಯಾರನದಲ್ಲ ಎಂಬುದೊಂದೇ ಸಾಕಾಗಿತ್ತು ಹುಡುಗಿಗೆ. ಆದರೆ ಭಾನುವಾರ ಊರಿನ ಪಾದ್ರಿ ಫಾದರ್ ದುಸೋ, ಅಡ್ಡಿಯಿದ್ದವರು ಹೇಳಿ ಎನ್ನುವ ಮದುವೆಯ ಮೂರನೆಯ ಪ್ರಕಟಣೆ ಓದುವ ಮೊದಲು ಇವಳು ಯಾರ ಮಗಳು ಎಂದು ಅಲ್ಫೋನ್ಸಿನಳನ್ನೇ ಕೇಳುತ್ತಾರೆ. ಆಗ ಹೇಳಲೇಬೇಕು. ಅವರಿಗೆ ಹೇಳುವ ಮೊದಲು ಇವಳಿಗೆ ಹೇಳಬೇಕು.

"ನನ್ನಪ್ಪನದು," ಅಂದಳು.

ರೋಸ್-ಎಮೆ ಅವಳ ಮುಖವನ್ನು, ಕೈಯಲ್ಲಿದ್ದ ಕಾಗದವನ್ನು, ಮತ್ತೆ ಮುಖವನ್ನು ನೋಡಿದಳು. ಬೆರಳಿಗೆ ಏಟು ತಿಂದ ಎಡಗೈಯನ್ನೇ ಮೆಲ್ಲಗೆ ಮುಂದೆ ಚಾಚಿ ಅವಳ ತೋಳು ಮುಟ್ಟಿದಳು.

"ಹಾಗಾದ್ರೆ ನಾನು ನಿಮ್ಮನ್ನ ಏನಂತ ಕರೀಲಿ?"

"ಮೇಷ್ಟ್ರಮ್ಮ ಅಂತಲೇ ಕರಿ."

ಹೇಳಿದ್ದು ಅಲ್ಫೋನ್ಸಿನ್ ಅಲ್ಲ. ದನಿ ಬಾಗಿಲಿನಿಂದ ಬಂತು. ಆಂತೀಮ್ ವಾದ್ನೆ ಯಾವಾಗ ಒಳಗೆ ಬಂದಿದ್ದನೋ, ಭುಜದ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ. ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡು ನಿಂತಿದ್ದ. ಮಗಳ ಮಡಿಲಿಂದ ಜಾರಿದ್ದ ನೀಲಿ ಉಡುಪನ್ನು ಎತ್ತಿ, ಧೂಳು ಕೊಡವಿ, ಮೊಳೆಗೆ ಹಾಕಿದ.

"ಸಹಿ ನಿಮ್ಮಪ್ಪಂದೇ, ಮೇಷ್ಟ್ರಮ್ಮ. ನನಗೆ ಬರೆಯೋಕೆ ಬರಲ್ಲ, ಶಿಲುಬೆ ಗೀಚಿದ್ರೆ ನನ್ನ ಗುರುತು ಹಿಡೀತಾರೆ ಅಂತ ಅವರೇ ಸಹಿ ಮಾಡಿದ್ರು. ಸುಳ್ಳು ಸಹಿ ಮಾಡಿದ್ದಕ್ಕೆ ಹದಿನಾಲ್ಕು ತಿಂಗಳು ಪರಮಪ್ರಸಾದ ಮುಟ್ಲಿಲ್ಲ ಪಾಪ. ಆದ್ರೆ ಮಗು ಅವರದಲ್ಲ."

ಪಕ್ಕದ ಕೋಣೆಯಲ್ಲಿ ಹಾಡು ನಿಂತಿತು. ರೋಸ್-ಎಮೆಯ ಕೈ ಅಲ್ಫೋನ್ಸಿನಳ ತೋಳಿನ ಮೇಲೆ ಬಿಗಿಯಾಯಿತು.

"ಯಾರದು, ಅಪ್ಪಾ?"

"ಆವತ್ತು ಸಾಂ-ಗಾಲಿಗೆ ಹೋದಾಗ ಬಂಡೀಲಿ ನಾವು ಮೂರು ಜನ ಗಂಡಸರಿದ್ವಿ. ಇವರಪ್ಪ ಒಳಗೆ ಹೋದ್ರು. ನಾನು ಲಗಾಮು ಹಿಡ್ಕೊಂಡು ಕೂತೆ. ಇನ್ನೊಬ್ಬ ಕಂಬಳಿ ಹೊದ್ಕೊಂಡು ನನ್ನ ಪಕ್ಕದಲ್ಲೇ ಕೂತಿದ್ದ. ಅವನೇ ನಿನ್ನ ಹೆತ್ತಪ್ಪ, ಲುಡ್ಜೇರನ ಮನೆಯವನಲ್ಲ. ಕೂಸನ್ನ ಒಳಗೆ ಒಯ್ದಾಗ್ಲೂ ಇಳೀಲಿಲ್ಲ, ಹೊರಗೆ ತಂದಾಗ್ಲೂ ಇಳೀಲಿಲ್ಲ." ಅವನು ಟೊಪ್ಪಿಗೆಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿದ. "ಮದುವೆ ಗೊತ್ತಾದ ಮೇಲೆ ನಾನೇ ಬರೆಯಿಸಿ ಅವನಿಗೆ ಕಾಗದ ಹಾಕಿಸ್ದೆ. ಈಗ ನಾನೇ ಕರ್ಕೊಂಡು ಬಂದೆ. ಅಂಗಳದಲ್ಲಿದಾನೆ. ಇವತ್ತೂ ಇಳೀತಿಲ್ಲ."

ಅಲ್ಫೋನ್ಸಿನ್ ಕಿಟಕಿಯ ಗಾಜಿಗೆ ಉಗುರು ಹಾಕಿ ಮಂಜನ್ನು ಕೆರೆದಳು. ನಾಣ್ಯದಷ್ಟು ಜಾಗ ತಿಳಿಯಾಯಿತು. ಸಂಜೆಯ ಬಿಸಿಲು ಇನ್ನೂ ಕೊಟ್ಟಿಗೆಯ ಮಾಡಿನ ಮೇಲಿತ್ತು. ಅಂಗಳದ ನಡುವೆ ಜಾರುಬಂಡಿ. ಅದರಲ್ಲಿ ಕಾಡೆಮ್ಮೆ ತೊಗಲನ್ನು ತಲೆಯವರೆಗೂ ಹೊದ್ದ ಒಬ್ಬ ಮನುಷ್ಯ, ಮನೆಗೆ ಬೆನ್ನು ಮಾಡಿ. ಹೊದಿಕೆಯಿಂದ ಹೊರಗಿದ್ದದ್ದು ಒಂದು ಕೈ ಮಾತ್ರ. ಆ ಕೊರೆಯುವ ಚಳಿಯಲ್ಲಿ ಕೈಗವಸು ಕಳಚಿಟ್ಟು, ಆ ಕೈ ಒಂದೇ ಸಮನೆ ಜಪಸರದ ಮಣಿಗಳನ್ನು ದಾಟಿಸುತ್ತಿತ್ತು.